ಚಲಿಸುವ ಚಿತ್ರದಲ್ಲಿ ರೂಪಾಂತರ: ನಳಿನಿ ಮಲಾನಿಯವರ ಕೃತಿಗಳ ವಿಚಾರ

ರೂಪಾಂತರವೆಂಬುದು ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಹೊಸ ವಿಷಯವಲ್ಲ. ಭಾರತಕಥೆಯು ಚಂಪುವಿನಿಂದ ಷಟ್ಪದಿಗೆ ಬಂದಾಗ ಬದಲಾದುದು ಛಂದಸ್ಸೊಂದೇ ಅಲ್ಲ. ಕೇಳುವವನ ಸ್ಥಾನವೂ ಬದಲಾಯಿತು. ಆಸ್ಥಾನದ ಪಂಡಿತನಿದ್ದೆಡೆಯಲ್ಲಿ ಗಮಕಿಯ ಮುಂದೆ ಕುಳಿತ ಊರ ಜನರು ಕಾಣಿಸಿಕೊಂಡರು. ಚಿತ್ರಕಲೆಯು ಕಾಗದ, ಬಟ್ಟೆಗಳ ಆಶ್ರಯವನ್ನು ಬಿಟ್ಟು ಫಿಲ್ಮು, ವಿಡಿಯೋ, ಡಿಜಿಟಲ್ ಯಂತ್ರಗಳನ್ನು ಅವಲಂಬಿಸಿದಾಗಲೂ ಮುಖ್ಯವಾಗಿ ಇದೇ ಸಂಭವಿಸಿತೆಂದು ನಾವು ಭಾವಿಸುತ್ತೇವೆ. ನಳಿನಿ ಮಲಾನಿಯವರ ಕೆಲವು ಕೃತಿಗಳ ಆಧಾರದಿಂದ ಈ ಅಭಿಪ್ರಾಯವನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಲಾನಿಯವರು ೧೯೪೬ರಲ್ಲಿ ಕರಾಚಿಯಲ್ಲಿ ಜನಿಸಿದರು. ಮರುವರ್ಷದ ದೇಶವಿಭಜನೆಯಿಂದ ನೆಲೆ ತಪ್ಪಿದ ಅವರ ಕುಟುಂಬವು ಕಲ್ಕತ್ತೆಗೆ ಬಂದಿತು. ಮುಂದೆ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗಮಾಡಿದರು. ೧೯೬೯ರಲ್ಲಿ ಅದೇ ನಗರದಲ್ಲಿ ಚಿತ್ರಕಾರ ಅಕ್ಬರ್ ಪದಮ್‌ಸೀಯವರು ತಮಗೆ ದೊರೆತ ನೆಹರೂ ಫೆಲೋಷಿಪ್ಪಿನ ಹಣದಿಂದ ‘ವಿಷನ್ ಎಕ್ಸ್‌ಚೇಂಜ್ ವರ್ಕ್‌ಷಾಪ್’ ಎಂಬ ಪ್ರಯೋಗಶಾಲೆಯನ್ನು ತೆರೆದರು. ಚಿತ್ರಕಾರರಿಗೆ ಕ್ಯಾಮರಾ ಕೈಗೆ ಸಿಕ್ಕುವುದೇ ದುರ್ಲಭವಾಗಿದ್ದ ಆ ಕಾಲದಲ್ಲಿ ಮಲಾನಿಯವರು ಅಲ್ಲಿ ‘ಡ್ರೀಮ್ ಹೌಸಸ್’ ಎಂಬ ಕಿರುಚಿತ್ರವನ್ನು ರಚಿಸಿದರು. ಮನೆಗಳ ಮಾದರಿಯೊಂದರ ಮೇಲೆ ಬಣ್ಣದ ಬೆಳಕನ್ನು ಹಾಯಿಸಿ, ಒಂದೊಂದೇ ಚಿತ್ರವಾಗಿ ತೆಗೆದು ಜೋಡಿಸಿದ ಕೃತಿಯಿದು. ಸ್ವತಂತ್ರ ಭಾರತದ ನವನಗರಗಳ ಕನಸು ಅದರಲ್ಲಿದೆ. ೧೯೭೬ರಲ್ಲಿ ಅವರು ಇನ್ನೊಂದು ಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೆಗೆದರು. ತರುಣಿಯೊಬ್ಬಳು ನಿಜವಾದ ಮುಂಬಯಿಯನ್ನು ನೋಡುತ್ತಿರುವುದೇ ಅದರ ವಸ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ‘ಯುಟೋಪಿಯಾ’ ಎಂಬ ಒಂದೇ ಕೃತಿಯಾಯಿತು. ಕನಸಿಗೂ ಭಂಗಕ್ಕೂ ನಡುವಣ ಏಳು ವರ್ಷಗಳನ್ನು ಪ್ರೇಕ್ಷಕನೇ ತುಂಬಿಕೊಳ್ಳಬೇಕಾಗುತ್ತದೆ.

ಈ ಕ್ರಮವು ಪೂರ್ಣವಾಗಿ ಸಿದ್ಧಿಸಿದುದು ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’ ಎಂಬ ವಿಡಿಯೋ ಕೃತಿಯಲ್ಲಿ. ೧೯೯೮ರ ಮೇ ತಿಂಗಳಿನಲ್ಲಿ ಭಾರತವು ಪೋಖರಣದಲ್ಲಿಯೂ ಪಾಕಿಸ್ತಾನವು ಚಾಗೈಯಲ್ಲಿಯೂ ಅಣ್ವಸ್ತ್ರಗಳನ್ನು ಪರೀಕ್ಷಿಸಿದುದು ಇದಕ್ಕೆ ಪ್ರೇರಣೆ. ಸಾದತ್ ಹಸನ್ ಮಂಟೋ ಅವರ ಪ್ರಸಿದ್ಧ ಉರ್ದು ಕಥೆಯೇ ಮೂಲ. ವಿಭಜನೆಯ ತರುವಾಯ ಎರಡು ರಾಜ್ಯಗಳೂ ಹುಚ್ಚರನ್ನು ವಿನಿಮಯಮಾಡಿಕೊಳ್ಳುವಾಗ, ತನ್ನ ಊರು ಯಾವ ದೇಶಕ್ಕೆ ಸೇರಿತೆಂದು ತಿಳಿಯದ ಬಿಷನ್ ಸಿಂಗನು ಎರಡು ಗಡಿಗಳ ನಡುವಣ ಹೆಸರಿಲ್ಲದ ನೆಲದ ಮೇಲೆ ಬೀಳುತ್ತಾನೆ.

ಈ ಕಥೆಯನ್ನು ಮಲಾನಿಯವರು ಪಾತ್ರಗಳ ಮೂಲಕ ಅಭಿನಯಿಸಿ ತೋರಿಸಲಿಲ್ಲ. ಕೋಣೆಯ ಎದುರುಬದುರು ಗೋಡೆಗಳ ಮೇಲೆ ಒಬ್ಬೊಬ್ಬ ಸ್ತ್ರೀ ಕಾಣಿಸಿಕೊಳ್ಳುತ್ತಾಳೆ. ನಡುವಣ ಅಂತರವನ್ನು ದಾಟಿ ಇಬ್ಬರೂ ಒಂದೇ ಸೀರೆಯನ್ನು ಮಡಿಸಲು ಯತ್ನಿಸುತ್ತಾರೆ, ಅದು ಕೈಗೂಡದು. ಬೇರೊಂದೆಡೆ ಅಣುಸ್ಫೋಟದ ಚಿತ್ರಗಳು. ನೆಲದ ಮೇಲೆ ಹನ್ನೆರಡು ತಗಡಿನ ಟ್ರಂಕುಗಳು. ಅವುಗಳೊಳಗಿನ ಪುಟ್ಟ ತೆರೆಗಳಲ್ಲಿ ನೆಲೆ ತಪ್ಪಿದವರ ದೃಶ್ಯಗಳು. ಕಥೆಯನ್ನು ಓದುವವನು ಬಿಷನ್ ಸಿಂಗನನ್ನು ದೂರದಿಂದ ಕಂಡು ಮರುಗುತ್ತಾನೆ. ಇಲ್ಲಿಯಾದರೋ ಆ ಹೆಸರಿಲ್ಲದ ನೆಲದ ಮೇಲೆ ನಿಲ್ಲುವವನು ಪ್ರೇಕ್ಷಕನೇ. ಕಥೆಯ ನಾಯಕನನ್ನು ತೆಗೆದುಹಾಕಿ ಅವನ ಸ್ಥಾನವನ್ನು ಮಾತ್ರ ಉಳಿಸಿಕೊಂಡುದೇ ಈ ರೂಪಾಂತರದ ಮರ್ಮ.

ತರುವಾಯದ ಕೃತಿಗಳಲ್ಲಿ ಯಂತ್ರವು ಮತ್ತೆ ಬದಲಾಯಿತು. ೨೦೧೨ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ತೋರಿಸಿದ ಕೃತಿಯಲ್ಲಿ, ಚಿತ್ರಿಸಿದ ಪಾರದರ್ಶಕ ಉರುಳೆಗಳು ತಿರುಗುತ್ತ ನೆರಳುಗಳನ್ನು ಚೆಲ್ಲುತ್ತವೆ. ನಮ್ಮ ತೊಗಲುಬೊಂಬೆಯಾಟದಲ್ಲಿ ನೆರಳು ಪರದೆಯ ಮೇಲಿದ್ದು ನೋಡುವವರು ಅದರ ಮುಂದೆ ಕುಳಿತಿರುತ್ತಾರೆ. ಇಲ್ಲಿ ನೆರಳುಗಳು ನೋಡುವವರನ್ನು ಸುತ್ತುವರಿಯುತ್ತವೆ. ೨೦೨೦ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ, ಐಪ್ಯಾಡಿನ ಮೇಲೆ ಬೆರಳಿನಿಂದ ಬರೆದ ೮೮ ಚಲಿಸುವ ಚಿತ್ರಗಳು ಗೋಡೆಗಳ ಮೇಲೆ ಒಂದರ ಮೇಲೊಂದಾಗಿ ಮೂಡಿದವು. ಯಂತ್ರವು ಹೊಸದಾದರೂ ರೇಖೆಯು ಕೈಬೆರಳಿನದೇ ಎಂಬುದನ್ನು ಗಮನಿಸಬೇಕು.

ಇಷ್ಟರಿಂದ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ಯಂತ್ರಗಳು ಹಾಳಾಗುತ್ತಿರಲು ಕೃತಿಯನ್ನು ಕಾಪಾಡುವುದು ಹೇಗೆ? ಪದಮ್‌ಸೀಯವರದೇ ‘ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್’ ಎಂಬ ಚಿತ್ರದ ಒಂದೇ ಪ್ರತಿಯು ಕಳೆದುಹೋಯಿತು. ೨೦೧೬ರಲ್ಲಿ ಆಶಿಮ್ ಅಹ್ಲುವಾಲಿಯಾ ಅವರು ವೃದ್ಧ ಕಲಾವಿದರ ನೆನಪಿನ ಸಹಾಯದಿಂದ ಅದನ್ನು ಪುನಃ ಕಲ್ಪಿಸಬೇಕಾಯಿತು. ಮಲಾನಿಯವರ ಮೊದಲ ಚಿತ್ರಗಳು ಡಿಜಿಟಲ್ ಪ್ರತಿಗಳಾಗಿ ಉಳಿದಿವೆ. ತಾಳೆಯೋಲೆಯಿಂದ ಕಾಗದಕ್ಕೆ ಪ್ರತಿಮಾಡಿದಾಗ ಕಾವ್ಯವು ಕೆಡದಂತೆ, ಫಿಲ್ಮಿನಿಂದ ಡಿಜಿಟಲ್ಲಿಗೆ ತಂದಾಗಲೂ ಕೃತಿಯು ಬಹುಮಟ್ಟಿಗೆ ಉಳಿಯುವುದು. ಟ್ರಂಕುಗಳೊಳಗಿನ ತೆರೆಗಳು ಕೆಟ್ಟರೆ ಬೇರೆ ತೆರೆಗಳನ್ನು ಇಡಬಹುದು. ಆದರೆ ಎದುರುಬದುರಾದ ಆ ಎರಡು ಗೋಡೆಗಳನ್ನು ಬಿಟ್ಟು, ಎಲ್ಲವನ್ನೂ ಒಂದೇ ತೆರೆಗೆ ಇಳಿಸಿ ತರಗತಿಯಲ್ಲಿ ತೋರಿಸಿದರೆ, ಚಿತ್ರಗಳೆಲ್ಲವೂ ಇದ್ದು ಕೃತಿಯು ಇಲ್ಲವಾಗುವುದು. ಆದುದರಿಂದ ಇಂಥ ಕೃತಿಗಳ ಚರಿತ್ರೆಯನ್ನು ಬರೆಯುವವರು ಚಿತ್ರಗಳನ್ನು ಸಂಗ್ರಹಿಸಿದರೆ ಸಾಲದು. ಗೋಡೆಗಳ ನೆಲೆಯನ್ನೂ ನಡುವಣ ಅಳತೆಯನ್ನೂ ನೋಡುವವನು ನಿಲ್ಲತಕ್ಕ ಎಡೆಯನ್ನೂ ತಪ್ಪದೆ ಬರೆದಿಡಬೇಕು.