ಹೆಸರು ಕೆತ್ತಿದ ಹಂಡೆ

ತರಕಾರಿ ತರುವುದು, ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು. ಈ ಸಾಲಿಗೆ ಈಗ ಹಳೆಯ ಸಾಮಾನು ಮಾರುವುದೂ ಸೇರಿಕೊಂಡಿದೆ. ಮಂಚವೋ, ಹೊಲಿಗೆ ಯಂತ್ರವೋ, ಮೊಬೈಲಿನಲ್ಲಿ ಫೋಟೋ ತೆಗೆದು ಹಾಕಿದರಾಯಿತು, ಕೊಳ್ಳುವವರೇ ಬಾಗಿಲಿಗೆ ಬರುತ್ತಾರೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಲ್ಲೂ ಹರೆಯದ ಮಕ್ಕಳಿಗೆ ಇದೊಂದು ಹವ್ಯಾಸವೇ ಆಗಿದೆ. ಆದರೆ ಮನೆಯ ಸಾಮಾನು ಮಾರುವುದೆಂದರೆ ನಮ್ಮ ಸೀಮೆಯ ಹೆಂಗಸರಿಗೆ ಹಿಂದೆ ಹವ್ಯಾಸವಾಗಿರಲಿಲ್ಲ, ಅಳುವಾಗಿತ್ತು.

1876ರಿಂದ 1878ರವರೆಗಿನ ಮಹಾಬರದಲ್ಲಿ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ಬಳ್ಳಾರಿ ಜಿಲ್ಲೆಯೂ ಒಂದು. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಸಿದ ಜನ ಮೊದಲು ಬೆಳ್ಳಿಯ ಒಡವೆ, ಆಮೇಲೆ ಪಾತ್ರೆ ಪಡಗ, ಕೊನೆಗೆ ದನಕರು ಮಾರಿದರು. ಮುಂಬಯಿಯ ಟಂಕಸಾಲೆಗೆ ಆ ವರ್ಷಗಳಲ್ಲಿ ಕರಗಲು ಬಂದ ಒಡವೆಗಳೇ ಬರದ ಆಳಕ್ಕೆ ಸಾಕ್ಷಿ. ಎಲ್ಲರೂ ಒಮ್ಮೆಲೇ ಮಾರಲು ಹೊರಟಾಗ ಬೆಲೆ ಕುಸಿಯಿತು, ಜೋಳದ ಬೆಲೆ ಏರಿತು. ಕಾಲಿನ ಕಡಗ ಕೊಟ್ಟರೂ ಹೊಟ್ಟೆ ತುಂಬದ ದಿನಗಳವು. ಪಾತ್ರೆ ಮಾರಿಕೊಂಡ ಮನೆ ಎಂಬ ಮಾತು ಬೈಗುಳದಂತೆ ಉಳಿದದ್ದು ಸುಮ್ಮನೆಯಲ್ಲ.

ಇನ್ನೊಂದು ಕಾರಣವೂ ಉಂಟು. ತವರಿನಿಂದ ಬಂದ ಹಂಡೆ, ಕೊಡ, ತಪ್ಪಲೆಗಳ ಮೇಲೆ ಹೆಸರು ಕೆತ್ತಿಸುವುದು ನಮ್ಮ ಕಡೆಯ ಪದ್ಧತಿ. ಹೊಲದ ಪಹಣಿಯಲ್ಲಿ ಕಾಣದ ಹೆಸರು ಹಂಡೆಯ ಅಂಚಿನಲ್ಲಿ ಕಾಣುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿಗೆ ಬಂದ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕಿದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ಅಲ್ಲಿಯವರೆಗೆ ಎಷ್ಟೋ ತಾಯಂದಿರಿಗೆ ನನ್ನದು ಎನ್ನಲು ಇದ್ದದ್ದು ಆ ಪಾತ್ರೆಗಳೇ.

ಹಾಗೆಂದು ವಿನಿಮಯವೇ ಇರಲಿಲ್ಲವೆಂದಲ್ಲ. "ಯಕ್ಕಾ, ಹಳೇ ಬಟ್ಟಿ ಅದಾವೇನು?" ಎಂದು ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸು ಕೂಗುತ್ತಿದ್ದಳು. ನಾಲ್ಕು ಸೀರೆ, ಎರಡು ಪ್ಯಾಂಟಿಗೆ ಒಂದು ಡಬ್ಬಿ. ಅರ್ಧ ತಾಸು ಚೌಕಾಸಿ, ನಡುವೆ ಒಂದು ಲೋಟ ನೀರು, ಮಕ್ಕಳ ಕ್ಷೇಮಸಮಾಚಾರ. ಇಬ್ಬರೂ ಗೆದ್ದೆವೆಂದುಕೊಂಡೇ ಏಳುತ್ತಿದ್ದರು.

ಅತ್ತ 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬಾತ ಮುಂದೆ ಇಬೇ ಎಂದು ಹೆಸರಾದ ಹರಾಜುಕಟ್ಟೆಯನ್ನು ತೆರೆದ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ! ಅದೇ ವರ್ಷ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. 2000ದಲ್ಲಿ ಬಾಝೀ ಬಂತು, 2004ರಲ್ಲಿ ಇಬೇ ಅದನ್ನು ಕೊಂಡಿತು. 2006ರಲ್ಲಿ ಓಎಲ್‌ಎಕ್ಸ್ ಹುಟ್ಟಿತು. ನಮ್ಮ ಹಡಗಲಿ, ಹರಪನಹಳ್ಳಿಗಳ ಅಡುಗೆಮನೆಯವರೆಗೆ ಈ ಪೇಟೆ ಬಂದದ್ದು 2016ರಲ್ಲಿ ಯುಪಿಐ ಶುರುವಾಗಿ, ಅಗ್ಗದ ಇಂಟರ್‌ನೆಟ್ ಕೈಗೆ ಸಿಕ್ಕ ಮೇಲೆ.

ಇದರಲ್ಲಿ ನನಗೆ ಹಿತವೆನಿಸುವುದು, ಬೆಲೆಯನ್ನು ಹೆಣ್ಣುಮಗಳೇ ಹೇಳಬಹುದು, ಹಣ ಅವಳ ಖಾತೆಗೇ ಬರುತ್ತದೆ. ಆದರೆ ಎಚ್ಚರವೂ ಬೇಕು. ದುಡ್ಡು ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದರೆ ಅದು ಮೋಸವೇ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಎಚ್ಚರ ದುಡ್ಡಿನದಲ್ಲ. ಅಟ್ಟದ ಮೇಲಿನ ತಾಮ್ರದ ಹಂಡೆಯನ್ನು ಮಗ ಹಳೇ ಸಾಮಾನೆಂದು ಫೋಟೋ ಹೊಡೆಯುವ ಮೊದಲು, ಅದನ್ನು ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡಿರಿ. ಅಂಚಿನಲ್ಲಿ ಒಂದು ಹೆಸರು ಹೊಳೆದೀತು. ಆಕೆ ಬದುಕಿದ್ದರೆ ಮೂಲೆಯ ಕೋಣೆಯಲ್ಲೇ ಕೂತಿರುತ್ತಾಳೆ. ಮಾರುವುದೋ ಇಡುವುದೋ ಎಂದು ಅವಳನ್ನೇ ಕೇಳಿರಿ. ಮಾರು ಎಂದಳೋ, ದುಡ್ಡನ್ನು ಅವಳ ಕೈಗೇ ಕೊಡಿರಿ.