ನಮ್ಮ ಸೀಮೆಯ ಬಾಣಂತನದ ಗಿಡಮೂಲಿಕೆಗಳು

ರಾಜ್ಯಗಳ ಇತಿಹಾಸವನ್ನು ಶಾಸನಗಳಲ್ಲಿ ಓದುತ್ತೇವೆ. ಮನೆತನಗಳ ಇತಿಹಾಸವನ್ನು ಹಿತ್ತಲಲ್ಲಿಯೂ ಅಡಿಗೆಮನೆಯಲ್ಲಿಯೂ ಅರಸಬೇಕಾಗುತ್ತದೆ. ಬಾರಾಮಹಲು 1792ರಲ್ಲಿ, ಹೊಸೂರು ಸೀಮೆ 1799ರಲ್ಲಿ ಇಂಗ್ಲಿಷ್ ಕಂಪನಿಯ ಕೈಸೇರಿದುವು. ತರುವಾಯ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ ಎಂದು ನಮ್ಮ ವಿಳಾಸವು ಬದಲಾಗುತ್ತ ಬಂದಿತು. ಆದರೂ ಹೆತ್ತ ಹೆಣ್ಣುಮಗಳು ನಮ್ಮ ಮನೆಗಳಲ್ಲಿ ಬಾಣಂತಿಯಾಗಿಯೇ ಉಳಿದಳು. ಅವಳ ಪಥ್ಯವೂ ಕನ್ನಡದ ಹೆಸರುಗಳಲ್ಲಿಯೇ ಉಳಿಯಿತು.

ಮೀಯಿಸುವ ನೀರಿಗೆ ಲಕ್ಕಿಸೊಪ್ಪು: ಇದನ್ನೇ ನೆರೆಯ ತಮಿಳರು ನೊಚ್ಚಿ ಎಂದೂ ತೆಲುಗರು ವಾವಿಲಿ ಎಂದೂ ಕರೆಯುವರು. ಊಟಕ್ಕೆ ಸಬ್ಬಸಿಗೆ, ನುಗ್ಗೆಸೊಪ್ಪು, ಬೆಳ್ಳುಳ್ಳಿ, ಮೆಂತ್ಯ. ಜೀರ್ಣಕ್ಕೆ ಓಮ, ಒಣಶುಂಠಿ. ಎದೆಹಾಲು ಹೆಚ್ಚಲೆಂದು ಶತಾವರಿ. ಒಂದೇ ಬುಡದಲ್ಲಿ ಹತ್ತಾರು ಗಡ್ಡೆಗಳು ಗೊಂಚಲಾಗಿರುವ ಈ ಬಳ್ಳಿಗೆ ನಮ್ಮ ಜನ 'ಹಲವು ಮಕ್ಕಳ ತಾಯಿಬೇರು' ಎಂದು ಹೆಸರಿಟ್ಟರು. ಒಂದು ಹೆಸರಿನಲ್ಲಿ ರೂಪವೂ ಹಾರೈಕೆಯೂ ಕೂಡಿಬಂದಿವೆ.

ಚರಕಸಂಹಿತೆಯ ಸೂತ್ರಸ್ಥಾನವು ಸ್ತನ್ಯಜನನ, ಎಂದರೆ ಹಾಲನ್ನು ಹುಟ್ಟಿಸುವ, ಹತ್ತು ದ್ರವ್ಯಗಳನ್ನು ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ಲಾವಂಚ, ನೆಲ್ಲು, ದರ್ಭೆ, ಕುಶ ಮೊದಲಾದ ಹುಲ್ಲುಜಾತಿಯ ಬೇರುಗಳು. ಶತಾವರಿ ಆ ಹತ್ತರಲ್ಲಿಲ್ಲ. ಮೆಂತ್ಯ, ಸಬ್ಬಸಿಗೆಗಳೂ ಇಲ್ಲ. ಗ್ರಂಥದ ಪಟ್ಟಿ ಬೇರೆ, ಅಜ್ಜಿಯರ ಪಟ್ಟಿ ಬೇರೆ. ಆದುದರಿಂದ ನಮ್ಮ ಬಾಣಂತನದ ವೈದ್ಯವನ್ನು ತಿಳಿಯಲು ಗ್ರಂಥವೊಂದೇ ಸಾಲದು. ಅದನ್ನು ಮಾಡಿ ಬಲ್ಲ ಮುದುಕಿಯರನ್ನೂ ಕೇಳಬೇಕು.

ಹಳೆಯದೆಲ್ಲವೂ ಗ್ರಾಹ್ಯವೆಂದು ನಾವು ಹೇಳುವುದಿಲ್ಲ. ಮೂರು ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಇಳಿಯುವುದೆಂದು ಭಾವಿಸಿ, ಸುಶ್ರುತಸಂಹಿತೆಯು ಮೊದಲ ದಿನಗಳಲ್ಲಿ ಶಿಶುವಿಗೆ ಜೇನು ತುಪ್ಪಗಳನ್ನು ವಿಧಿಸಿತು. ಇಂದಿನ ವೈದ್ಯಶಾಸ್ತ್ರವು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲನ್ನೇ ಉಣಿಸಬೇಕೆಂದೂ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದೂ ಹೇಳುತ್ತದೆ. ಮಗುವು ಮತ್ತೆ ಮತ್ತೆ ಹೀರಿದಷ್ಟೂ ಹಾಲು ಹೆಚ್ಚುತ್ತದೆ. ಬೇರುಗಳಿಗೆ ಅಷ್ಟು ದೃಢವಾದ ಪ್ರಮಾಣ ಇನ್ನೂ ದೊರೆತಿಲ್ಲ. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆಮಾಡುವ ಪದ್ಧತಿಯನ್ನಂತೂ ಬಿಡಲೇಬೇಕು. ಜ್ವರ, ಅತಿಯಾದ ರಕ್ತಸ್ರಾವಗಳು ಕಂಡರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹೀಗೆ ಸೋಸಿ ನೋಡಿದಾಗಲೂ ಉಳಿಯುವುದು ಬಹಳ: ಬೆಚ್ಚನೆಯ ನೀರು, ಹಸಿರು ಸೊಪ್ಪು, ವಿಶ್ರಾಂತಿ, ಹಿರಿಯರ ಆರೈಕೆ. ಇವುಗಳ ಜೊತೆಗೆ ಹೆಸರುಗಳೂ ಉಳಿಯಬೇಕು. ಲಕ್ಕಿಗಿಡವನ್ನು ಕಂಡು ಅದರ ಕನ್ನಡದ ಹೆಸರನ್ನು ಹೇಳಲಾರದ ಮಕ್ಕಳು ನಮ್ಮ ಊರುಗಳಲ್ಲಿ ಹೆಚ್ಚುತ್ತಿದ್ದಾರೆ. ಪ್ರತಿಯೊಂದು ಮನೆಯವರೂ ತಮ್ಮ ಹಿರಿಯಳನ್ನು ಕೇಳಿ, ಗಿಡದ ಹೆಸರನ್ನೂ ಬಳಸುವ ಭಾಗವನ್ನೂ ಕ್ರಮವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಬರಹವನ್ನು ಮಕ್ಕಳ ಕೈಯಿಂದಲೇ ಬರೆಯಿಸಿದರೆ ಇನ್ನೂ ಲೇಸು.