ಡಿಸ್ಚಾರ್ಜ್ ಆದ ಮೇಲೆ

ನಂದಿನಿ ಲೇಔಟ್‌ನಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ದೂರವೇನಲ್ಲ. ಆದರೆ ಅದರ ಬಾಗಿಲು ಬಡಾವಣೆಯ ಎಲ್ಲರಿಗೂ ಒಂದೇ ರೀತಿ ತೆರೆಯುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ವಂತಿಗೆ ಕಟ್ಟುವ ಕಾರ್ಮಿಕನಿಗೆ ಚಿಕಿತ್ಸೆಯ ಜೊತೆಗೆ, ಕಾಯಿಲೆ ಮಲಗಿದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ. ಅದೇ ಬೀದಿಯ ಮನೆಗೆಲಸದಾಕೆಗೆ, ಗಾರೆ ಕೆಲಸದವನಿಗೆ ಅದಿಲ್ಲ. ಹೊಲಿಗೆ ಬಿಚ್ಚುವ ಮೊದಲೇ ಕೆಲಸಕ್ಕೆ ಹೊರಡುವವರು ಯಾರೆಂದು ಬೇರೆ ಹೇಳಬೇಕಿಲ್ಲ.

1948ರ ಕಾಯ್ದೆಯಂತೆ ಇಎಸ್‌ಐ ಯೋಜನೆ 1952ರಲ್ಲಿ ಕಾನ್ಪುರ ಹಾಗೂ ದೆಹಲಿಯಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂತು. ಅಸಂಘಟಿತ ಕೂಲಿಕಾರ ಮಾತ್ರ ಹೊರಗೇ ಉಳಿದ.

ಆಸ್ಪತ್ರೆಯಿಂದ ಮನೆಗೆ ಹೋದವರೆಲ್ಲ ಸಮಾನವಾಗಿ ಚೇತರಿಸಿಕೊಳ್ಳುವುದಿಲ್ಲ ಎಂಬುದು ಶ್ರೀಮಂತ ದೇಶಗಳಲ್ಲೂ ಕಂಡದ್ದೇ. ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾಗೆ ಚಿಕಿತ್ಸೆ ಪಡೆದ ಅಮೆರಿಕದ ವೃದ್ಧರ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದ ಕರಿಯರು ಶೇಕಡ 24.8, ಬಿಳಿಯರು ಶೇಕಡ 22.6. ಅಲ್ಲಿ ಬಣ್ಣ; ಇಲ್ಲಿ ಕೈಯಲ್ಲಿರುವ ಕಾರ್ಡು.

ಆ ಕಾರ್ಡು ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷ್ಯ ಸಿಕ್ಕಿದ್ದು ಒಂದು ಆಡಳಿತಾತ್ಮಕ ಅನುಕೂಲದಿಂದ. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಗುಲ್ಬರ್ಗ ವಿಭಾಗದಲ್ಲಿ, ಅನಂತರ ಬೆಳಗಾವಿ ವಿಭಾಗದಲ್ಲಿ ಬಂತು. ಬೆಂಗಳೂರು, ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಹೀಗೆ ನಾಡಿನ ನಡುವೆ ಒಂದು ಗೆರೆ ಬಿತ್ತು: ಬಳ್ಳಾರಿಯ ಬಡವನಿಗೆ ಸೌಲಭ್ಯ ಉಂಟು, ಮಗ್ಗುಲಿನ ಚಿತ್ರದುರ್ಗದವನಿಗಿಲ್ಲ.

ಸಂಶೋಧಕರು ಇಂಥ ಗೆರೆಯ ಎರಡೂ ಬದಿಯ 572 ಹಳ್ಳಿಗಳ ಸುಮಾರು 60 ಸಾವಿರ ಕುಟುಂಬಗಳನ್ನು ಹೋಲಿಸಿದರು. 2014ರಲ್ಲಿ ಫಲಿತಾಂಶ ಹೊರಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವು ಸೌಲಭ್ಯವಿಲ್ಲದ ಕಡೆ ಶೇಕಡ 0.90, ಇದ್ದ ಕಡೆ ಶೇಕಡ 0.32! ಬಡತನ ರೇಖೆಗಿಂತ ಮೇಲಿನವರಲ್ಲಿ ಇಂಥ ಅಂತರ ಕಾಣಲಿಲ್ಲ. ಆ ಅಂತರಕ್ಕೆ ಹವೆ, ನೀರು ಕಾರಣವಲ್ಲ ಎನ್ನಲು ಇದೇ ಆಧಾರ. ಶಸ್ತ್ರಚಿಕಿತ್ಸೆಯ ನಂತರದ ಸೋಂಕು, ಮತ್ತೆ ಆಸ್ಪತ್ರೆ ಸೇರುವ ಪಾಡು ಕೂಡ ಫಲಾನುಭವಿಗಳಲ್ಲಿ ಕಡಿಮೆಯಿತ್ತೆಂದು 2016ರ ಇನ್ನೊಂದು ಅಧ್ಯಯನ ತಿಳಿಸಿತು. ಹಳ್ಳಿಗಳಲ್ಲಿ ಆಸ್ಪತ್ರೆಗಳೇ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಬೇಕೆಂಬ ನಿಯಮದ ಪಾಲೂ ಇದರಲ್ಲಿದ್ದೀತು. ಬಡವ ಆಸ್ಪತ್ರೆ ಹುಡುಕುವ ಹೊತ್ತಿಗೆ ಕಾಯಿಲೆ ಮಾಗಿರುತ್ತದಷ್ಟೆ.

2018ರಲ್ಲಿ ಈ ಯೋಜನೆ ಆರೋಗ್ಯ ಕರ್ನಾಟಕದೊಳಗೆ ಸೇರಿತು. ನಂದಿನಿ ಲೇಔಟ್‌ನ ಗಾರೆ ಕೆಲಸದವನ ಬಳಿ ಬಿಪಿಎಲ್ ಕಾರ್ಡಿದ್ದರೆ ಶಸ್ತ್ರಚಿಕಿತ್ಸೆಗೆ ಈಗ ಸಾಲ ಮಾಡಬೇಕಿಲ್ಲದಿರಬಹುದು. ಮನೆಯಲ್ಲಿ ಮಲಗುವ ದಿನಗಳ ಕೂಲಿ ಮಾತ್ರ ಆ ಕಾರ್ಡಿನಲ್ಲಿಲ್ಲ.